ಸಕ್ಕರೆ ಸೀಮೆಯ ಹಬ್ಬಗಳು

ಕೋದಂಡಪ್ಪ ಸತ್ತುಹೋದನೆಂದು ಊರೆಲ್ಲ ತೀರ್ಮಾನ ಮಾಡಿ ಎಷ್ಟೋ ವರ್ಷಗಳಾಗಿದ್ದವು. ಒಪ್ಪದೆ ಉಳಿದವಳು ಅವನ ಹೆಂಡತಿ ಪಾಪಕ್ಕ ಒಬ್ಬಳೇ. ಅಣ್ಣನ ಜೊತೆ ಮಾತಿಗೆ ಮಾತು ಬೆಳೆದು, ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಮದರಾಸಿನ ಕಡೆ ಹೋದವನು ಅವನು. ಆಗ ಪಾಪಕ್ಕ ಗಂಡನ ಮನೆಗೆ ಬಂದು ವರ್ಷವೂ ತುಂಬಿರಲಿಲ್ಲ. ಬಳೆ ಒಡೆಸಬೇಕೆಂದು ಓರಗಿತ್ತಿ ಅಶ್ವತ್ಥಮ್ಮ ಹೆಂಗಸರನ್ನು ಕಟ್ಟಿಕೊಂಡು ಬಂದಾಗಲೆಲ್ಲ ಪಾಪಕ್ಕನದು ಒಂದೇ ಮಾತು: "ಹೆಣ ನೋಡ್ದೆ ನಾನು ಬಳೆ ಒಡ್ಕಳಾಕಿಲ್ಲ. ಓಗ್ರಮ್ಮ ನಿಮ್ಮ್ ಪಾಡಿಗೆ."

ಅವಳ ಹಳ್ಳಿ ಕ್ಯಾಸಂಬಳ್ಳಿ ದಾರಿಯಲ್ಲಿತ್ತು. ಮಾರಿಕುಪ್ಪದ ಬಯಲಲ್ಲಿ ಬಿಳಿಯರು ಚಿನ್ನಕ್ಕೆ ಬಾವಿ ತೋಡಲು ಶುರುಮಾಡಿದ ಮೇಲೆ ಅಲ್ಲಿ ಹಾಲು ಮಜ್ಜಿಗೆಗೆ ಗಿರಾಕಿ ಹುಟ್ಟಿತು. ಪಾಪಕ್ಕ ತವರಿನವರು ಕೊಟ್ಟ ಒಂದು ಎಮ್ಮೆ ಕಟ್ಟಿಕೊಂಡು, ಭಾವನ ಮನೆಯಿಂದ ಬೇರೆಯಾಗಿ ಊರಾಚೆ ಒಂದು ಗುಡಿಸಲು ಹಾಕಿಕೊಂಡಳು. ದಿನಾ ಬೆಳಿಗ್ಗೆ ತಲೆಯ ಮೇಲೆ ಗಡಿಗೆ ಹೊತ್ತು ಗಣಿಯ ಬಂಗಲೆಗಳಿಗೆ ಹಾಲು ಹಾಕಿ ಬರುವಳು. ಹಾಗೇ ಅವಳ ಯೌವನ ಸವೆಯಿತು.

ಪ್ಲೇಗು ಬರುವುದಕ್ಕೆ ಮುಂಚಿನ ವರ್ಷ ಒಂದು ಸಂಜೆ ಕೋದಂಡಪ್ಪ ಬಂದ. ಬೌರಿಂಗ್‌ಪೇಟೆಯಲ್ಲಿ ರೈಲಿಳಿದು ನಡೆದೇ ಬಂದಿದ್ದ. ತಲೆ ನರೆತಿತ್ತು, ಕಾಲಲ್ಲಿ ಬೂಟು, ಕೈ ಹಿಡಿದುಕೊಂಡು ಒಂಬತ್ತು ಹತ್ತು ವರ್ಷದ ಒಂದು ಹೆಣ್ಣುಮಗು. ಪಾಪಕ್ಕ ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದವಳು ಎದ್ದು ನಿಂತಳು. ಅಳಲಿಲ್ಲ, ಬೈಯಲೂ ಇಲ್ಲ. ಮಗುವನ್ನೇ ನೋಡಿ ಕೇಳಿದಳು, "ಯಾರಿದು?"

"ನನ್ನ ಮಗಳು. ಮಾರಿಯಮ್ಮ ಅಂತ. ಇವಳ ತಾಯಿ ಸತ್ತೋದ್ಲು."

ಮಗು ತಟ್ಟನೆ ತಲೆಯೆತ್ತಿತು. ಕನ್ನಡ, ತೆಲುಗು, ಅರವ ಎಲ್ಲ ಕಲಸಿದ ಒಂದು ಭಾಷೆಯಲ್ಲಿ ಹೇಳಿತು: "ಅಮ್ಮ ಸಾಯ್ಲಿಲ್ಲ. ಮುಂದಿನ ಹಡಗಲ್ಲಿ ಬತ್ತಾಳೆ."

ಕೋದಂಡಪ್ಪ ಮಗಳ ಬಾಯಿ ಮುಚ್ಚಿಸಿದ. ಪಾಪಕ್ಕನೂ ಮುಂದೆ ಕೇಳಲಿಲ್ಲ. ಇಬ್ಬರಿಗೂ ಮುದ್ದೆ ಬಡಿಸಿ, ತಾನು ಹಸಿದೇ ಮಲಗಿದಳು.

ಅವನ ಕಥೆ ತುಣುಕು ತುಣುಕಾಗಿ ಹೊರಬಂತು. ಮದರಾಸಿನಲ್ಲಿ ಒಬ್ಬ ಮೇಸ್ತ್ರಿ ಒಳ್ಳೆಯ ಕೆಲಸವಿದೆಯೆಂದು ಪುದುಚೇರಿಗೆ ಕರೆದೊಯ್ದು ಹಡಗು ಹತ್ತಿಸಿದನಂತೆ. ತಿಂಗಳುಗಟ್ಟಲೆ ನೀರು. ಕೊನೆಗೆ ಮಾರ್ಟಿನಿಕ್ ಎಂಬ ದ್ವೀಪ, ಫ್ರೆಂಚರ ಸೀಮೆ. ಅಲ್ಲಿ ಕಣ್ಣು ಹಾಯುವವರೆಗೂ ಕಬ್ಬು. ಊರವರು ಅದಕ್ಕೆ ಸಕ್ಕರೆ ಸೀಮೆಯೆಂದು ಹೆಸರಿಟ್ಟರು. ಕರಿನೀರು ದಾಟಿದವನೆಂದು ಅಣ್ಣನ ಮನೆಯವರು ಅವನನ್ನು ಹೊಸ್ತಿಲೊಳಗೆ ಸೇರಿಸಲಿಲ್ಲ. ಗೋಮೂತ್ರ ಕುಡಿದು ಶುದ್ಧಿ ಮಾಡಿಸಿಕೊಂಡರೂ ಅಶ್ವತ್ಥಮ್ಮ ಅವನಿಗೆ ನೀರು ಕೊಡುವಾಗ ಚೊಂಬನ್ನು ನೆಲದ ಮೇಲಿಟ್ಟು ಸರಿದು ನಿಲ್ಲುತ್ತಿದ್ದಳು.

ಮರುವರ್ಷ ಪ್ಲೇಗು ಬಂತು. ಊರೆಲ್ಲ ಮನೆ ಬಿಟ್ಟು ಹೊಲಗಳಲ್ಲಿ ಗರಿಯ ಚಪ್ಪರ ಹಾಕಿಕೊಂಡಾಗ ಕೋದಂಡಪ್ಪನಿಗೆ ಕಂಕುಳಲ್ಲಿ ಗಡ್ಡೆ ಎದ್ದಿತು. ಹತ್ತಿರ ಹೋದವಳು ಪಾಪಕ್ಕ ಮಾತ್ರ. ಜ್ವರದ ನಡುವೆ ಅವನು ಅವಳ ಕೈ ಹಿಡಿದ.

"ನಿಂಗೆ ಸುಳ್ಳೇಳ್ದೆ ಕಣೇ. ಮಾರಿ ತಾಯಿ ಅಂಜಲೈ ಸತ್ತಿಲ್ಲ. ಗಂಡುಮಗನ್ನ ಹೆತ್ತು ವಾರ ಆಗಿತ್ತು, ಡಾಕ್ಟ್ರು ಹಡಗು ಹತ್ತಾಕೆ ಬಿಡ್ಲಿಲ್ಲ. ಆ ಹಡಗು ಬಿಟ್ರೆ ನನ್ನ ಸರದಿ ತಪ್ಪೋಗ್ತಿತ್ತು. ಮುಂದಿನ ಹಡಗಿಗೆ ಬಾ ಅಂದು ಬಂದ್ಬಿಟ್ಟೆ."

"ನನಗ್ಯಾಕೆ ಯೋಳ್ತೀಯ ಈಗ?"

"ಅವ್ಳು ಬಂದ್ರೆ ಬಾಗ್ಲು ತಗಿ."

ಪಾಪಕ್ಕ ಆಯಿತೆಂದಳು. ಸಾಯುವವನಿಗೆ ಇಲ್ಲವೆನ್ನುವುದು ಹೇಗೆ? ಮರುದಿನ ಅವಳು ಇಷ್ಟು ವರ್ಷ ಉಳಿಸಿಕೊಂಡಿದ್ದ ಬಳೆಗಳನ್ನು ತಾನೇ ಕಲ್ಲಿಗೆ ಕುಟ್ಟಿದಳು.

ಉಳಿದವರು ಅವಳು ಮತ್ತು ಆ ಮಗು. ಮಾರಿಯಮ್ಮ ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು, ಅಪ್ಪ ಹೇಳಿಕೊಟ್ಟಿದ್ದ. ಮೊದಮೊದಲು ಪಾಪಕ್ಕ ಆ ಮುಖ ನೋಡದೆಯೇ ಮುದ್ದೆ ಬಡಿಸುತ್ತಿದ್ದಳು. ಕಾಣದ ಸವತಿಯ ಕಣ್ಣು, ಕಾಣದ ಸವತಿಯ ಗಲ್ಲ. ಆದರೆ ಮಗುವನ್ನು ಎಲ್ಲಿಗೆ ತಳ್ಳುವುದು? ಬೆಳಿಗ್ಗೆ ಹಾಲಿಗೆ ಹೊರಟರೆ ಅದೂ ಚಿಕ್ಕ ಗಡಿಗೆ ಹೊತ್ತು ಹಿಂದೆ ಬರುತ್ತಿತ್ತು. ಮಾರಿಕುಪ್ಪದವರೆಗಿನ ದಾರಿ ದೂರ. ಆ ದಾರಿಯಲ್ಲೇ ಮಾತು ಶುರುವಾಯಿತು, ಮಾತು ಎಂದರೆ ಹಬ್ಬಗಳ ಮಾತು.

"ದೊಡ್ಡಮ್ಮ, ಈಗ ನಮ್ಮ ಸೀಮೇಲಿ ದೀಪದ ಹಬ್ಬ."

"ದೀಪಾವಳಿನಾ?"

"ಅಲ್ಲ. ಸತ್ತೋರ ದೀಪ. ಹೊತ್ತು ಮುಳುಗೋವಾಗ ಎಲ್ಲಾರೂ ಸಮಾಧಿ ತಾವ ಓಗಿ ಮೇಣದ ಬತ್ತಿ ಹಚ್ತಾರೆ. ಗುಡ್ಡದ ಮೇಲಿಂದ ನೋಡಿದ್ರೆ ಮಸಾಣ ಎಲ್ಲಾ ಮಿಣಮಿಣ ಅಂತದೆ. ಯಾರೂ ಅಳಾಕಿಲ್ಲ. ಬುತ್ತಿ ಬಿಚ್ಚಿ ಅಲ್ಲೇ ಉಣ್ತಾರೆ."

"ಥೂ! ಮಸಾಣದಲ್ಲಾ?"

ಧನುರ್ಮಾಸದ ಚಳಿಯಲ್ಲಿ ಇನ್ನೊಂದು ಹಬ್ಬ ಬರುತ್ತಿತ್ತು. ಜನ ಮನೆಯಿಂದ ಮನೆಗೆ ಹಾಡುತ್ತ ಹೋಗುವುದು, ಹೋದ ಮನೆಯಲ್ಲೆಲ್ಲ ಊಟ. ಹಂದಿ ಮಾಂಸ ಎಂದಾಗ ಪಾಪಕ್ಕ ದಾರಿ ಬದಿಗೆ ಉಗಿದಳು. ಅದರ ಜೊತೆಗೆ ಹಸಿ ತೊಗರಿಕಾಯಿ ಬೇಯಿಸುತ್ತಾರೆ ಎಂದಾಗ ಕಿವಿ ನಿಮಿರಿತು. ತೊಗರಿ ಅಲ್ಲೂ ಬೆಳೆಯುತ್ತದೆಯೆ? ಅದೂ ನಮ್ಮ ಹಾಗೆ ಚಳಿಯಲ್ಲೇ ಕಾಯಿ ಕಟ್ಟುತ್ತದೆಯೆ? ಆ ದಿನ ಮಗು ಹೇಳಿದ್ದನ್ನೆಲ್ಲ ಅವಳು ನಂಬಿದಳು. ತೊಗರಿ ಬೆಳೆಯುವ ನೆಲ ತೀರಾ ಪರದೇಶವೇನಲ್ಲ ಅನ್ನಿಸಿತು.

ಸಂಕ್ರಾಂತಿ ಕಳೆದ ಮೇಲೆ ಮಾರಿಯಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅದು ಕಾರ್ನಿವಲ್ ಕಾಲ. ಭಾನುವಾರ ಭಾನುವಾರ ಪಟ್ಟಣದ ಬೀದಿಯಲ್ಲಿ ಡೋಲು, ಮುಖವಾಡ, ಗಂಡಸರೆಲ್ಲ ಹೆಣ್ಣುವೇಷ. ಕೊನೆಯಲ್ಲಿ ಕೆಂಪು ಬಟ್ಟೆಯ ದೆವ್ವ ಬರುತ್ತಾನೆ. ತಲೆಗೆ ಎತ್ತಿನ ಕೊಂಬು, ಮೈತುಂಬ ಪುಟ್ಟ ಪುಟ್ಟ ಕನ್ನಡಿ. ಮಕ್ಕಳೆಲ್ಲ ಅವನ ಹಿಂದೆ ಓಡುತ್ತಾರೆ. ಎಲ್ಲಕ್ಕಿಂತ ಕೊನೆಗೆ ಹುಲ್ಲಿನಲ್ಲಿ ಮಾಡಿದ ದೊರೆ, ಅವನ ಹೆಸರು ವಾವಲ್. ಹಬ್ಬ ಮುಗಿದ ದಿನ ಅವನನ್ನು ಮೆರವಣಿಗೆ ಮಾಡಿ ಸಮುದ್ರದ ದಡದಲ್ಲಿ ಸುಡುತ್ತಾರೆ. ಕಪ್ಪು ಬಿಳುಪು ಸೀರೆ, ಅಂದರೆ ಅವರ ಗೌನು, ತೊಟ್ಟ ಹೆಂಗಸರು ಎದೆ ಬಡಿದುಕೊಂಡು ಅಳುತ್ತಾರೆ, ಅಳುತ್ತಲೇ ನಗುತ್ತಾರೆ.

"ನಿಮ್ಮಮ್ಮಾನೂ ಅಳ್ತಿದ್ಲಾ?" ಎಂದು ಪಾಪಕ್ಕ ಕೇಳಿದಳು. ಅವಳ ಬಾಯಲ್ಲಿ ಆ ಹೆಂಗಸಿನ ಮಾತು ಬಂದದ್ದು ಅದೇ ಮೊದಲು.

"ಅಮ್ಮ ಎಲ್ಲಾರಿಗಿಂತ ಜೋರು!"

ಆ ವರ್ಷ ಕಾಮನ ಹುಣ್ಣಿಮೆಗೆ ಊರಿನ ಹೈಕಳು ಸೌದೆ, ಕುಳ್ಳು ಕದ್ದು ತಂದು ಅರಳಿಕಟ್ಟೆಯ ಮುಂದೆ ಗುಡ್ಡೆ ಹಾಕಿದರು. ಹುಲ್ಲಿನ ಕಾಮಣ್ಣನನ್ನು ಅದರ ಮೇಲೆ ಕೂರಿಸಿ ಬೆಂಕಿಯಿಟ್ಟರು. ಉರಿ ಏರುತ್ತಿದ್ದಂತೆ ಹುಡುಗರು ಬಾಯಿ ಬಡಿದುಕೊಂಡು, "ಅಯ್ಯಯ್ಯೋ, ನಮ್ಮ ಕಾಮಣ್ಣ ಓಗ್ಬಿಟ್ನಲ್ಲಪ್ಪೋ!" ಎಂದು ಸುಳ್ಳು ಅಳು ಅತ್ತರು. ಪಾಪಕ್ಕನ ಪಕ್ಕದಲ್ಲಿ ನಿಂತಿದ್ದ ಮಾರಿಯಮ್ಮ ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ದೊಡ್ಡಮ್ಮ, ವಾವಲ್! ಇಲ್ಲೂ ವಾವಲ್!"

ಅಷ್ಟು ಹೇಳಿ ಜನರ ನಡುವೆ ನುಗ್ಗಿದಳು. ಎದೆ ಬಡಿದುಕೊಂಡು, ಸೊಂಟ ಕುಣಿಸುತ್ತ, ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಹಾಡತೊಡಗಿದಳು. ಹುಡುಗರು ಬೆಪ್ಪಾಗಿ ನಿಂತು, ಆಮೇಲೆ ಕೇಕೆ ಹಾಕಿ ಅವಳ ತಾಳಕ್ಕೇ ತಮಟೆ ಬಡಿದರು. ಅಶ್ವತ್ಥಮ್ಮ ಮೂಗಿನ ಮೇಲೆ ಬೆರಳಿಟ್ಟಳು.

"ಎಣ್ಣೆಂಗ್ಸು ಕಾಮನ ಮುಂದೆ ಕುಣಿಯೋದಾ? ಏನ್ ಸಂತಾನನೋ ಏನೋ. ಕರ್ಕೊಂಡು ಓಗೇ ಪಾಪಿ."

"ಕುಣೀಲಿ ಬಿಡಕ್ಕ," ಎಂದಳು ಪಾಪಕ್ಕ. "ಅವ್ರಪ್ಪ ಸತ್ತಾಗ್ಲಿಂದ ಅದು ನಕ್ಕಿದ್ದೇ ಇವತ್ತು."

ಅವತ್ತಿನಿಂದ ಅವರಿಬ್ಬರಿಗೆ ಎರಡು ಸೀಮೆಯ ಹಬ್ಬಗಳು. ಯುಗಾದಿಯ ಬೇವುಬೆಲ್ಲ ತಿಂದು ಕೆಲವು ದಿನಕ್ಕೆ ಸಕ್ಕರೆ ಸೀಮೆಯವರು ಸಮುದ್ರದ ದಡಕ್ಕೆ ಹೋಗಿ ಏಡಿಸಾರು ಉಣ್ಣುವ ಹಬ್ಬ. ಪಾಪಕ್ಕ ಕೆರೆಯಲ್ಲಿ ಏಡಿ ಹಿಡಿಸಿ ಸಾರು ಮಾಡಿದಳು. ಕ್ರೈಸ್ತರ ಹಬ್ಬಗಳು ಯಾವತ್ತು ಬರುತ್ತವೆಂದು ತಿಳಿಯಲು ಮಾರಿಯಮ್ಮ ಮಾರಿಕುಪ್ಪದ ಕೂಲಿಲೈನಿನ ಅರವದವರ ಚರ್ಚಿನ ಬಾಗಿಲಲ್ಲಿ ವಿಚಾರಿಸಿಕೊಂಡು ಬರುವಳು. ಹಡಗು ಮಾತ್ರ ಬರಲಿಲ್ಲ. ವರ್ಷ ವರ್ಷವೂ ಅವಳು, "ಈ ಸಲ ಮಾವಿನಣ್ಣು ಮುಗಿಯೋದ್ರೊಳಗೆ ಬತ್ತಾಳೆ," ಎನ್ನುವಳು. ಪಾಪಕ್ಕ ಹೂಂ ಎನ್ನುವಳು. ಬಂದರೆ ಎಲ್ಲಿ ಮಲಗಿಸುವುದೆಂದು ಗುಡಿಸಲಿಗೆ ಒಂದು ಮಗ್ಗುಲು ಚಾಚಿಸಿಯೂ ಇದ್ದಳು.

ಮಾರಿಯಮ್ಮನಿಗೆ ಹದಿಮೂರು ತುಂಬಿದ ಬೇಸಿಗೆ. ಶಿವನಸಮುದ್ರದಿಂದ ಬರಲಿದ್ದ ಕರೆಂಟಿಗೆ ಗಣಿಯ ಸುತ್ತ ಕಂಬಗಳನ್ನು ನೆಟ್ಟಿದ್ದರು. ಒಂದು ಬೆಳಿಗ್ಗೆ ಪಾಪಕ್ಕ ಒಬ್ಬಳೇ ಹಾಲಿಗೆ ಬಂದಿದ್ದಳು. ಬಂಗಲೆಯ ಬಟ್ಲರ್ ಪೆರುಮಾಳ್ ಹಾಲು ಅಳೆಸಿಕೊಂಡವನು ಒಳಗೆ ಹೋಗದೆ ನಿಂತ.

"ಪಾಪಕ್ಕಾ, ನಿಮ್ಮ ಹುಡುಗಿ ಊರು ಯಾವುದಂದೆ? ಫ್ರೆಂಚ್‌ಕಾರರ ದ್ವೀಪ ಅಲ್ವಾ?"

"ಊಂ. ಮಾತಿನಿಕ್ ಅಂತದೆ."

"ಮುರುಗಾ!" ಎಂದು ಅವನು ಕಣ್ಣು ಮುಚ್ಚಿಕೊಂಡ. "ನೆನ್ನೆ ದೊರೆ ಪೇಪರ್ ಓದಿ ದೊರೆಸಾನಿಗೆ ಹೇಳ್ತಾ ಇದ್ರು. ಅಲ್ಲಿ ಬೆಟ್ಟ ಒಡೆದು ಬೆಂಕಿ ಕಾರ್ತಂತೆ ಮಾ. ಕೆಳಗಿದ್ದ ಪಟ್ಟಣ ಪೂರಾ ಬೂದಿ. ಸೇಂಟ್ ಪಿಯರ್ ಅಂತ ಹೆಸರು. ಜನ ಸಾವಿರ ಸಾವಿರ, ಕಣ್ಣು ಮುಚ್ಚಿ ಬಿಡೋದ್ರೊಳಗೆ. ಯೇಸುಸ್ವಾಮಿ ಆಕಾಶಕ್ಕೆ ಏರಿದ ಹಬ್ಬ ಅಂತೆ ಅವತ್ತು. ಎಲ್ಲಾರೂ ಚರ್ಚಿಗೆ ಬಂದಿದ್ರಂತೆ, ಪಾವಂ."

ಆ ಪಟ್ಟಣದ ಹೆಸರು ಪಾಪಕ್ಕನಿಗೆ ಗೊತ್ತಿತ್ತು. ಕೆಂಪು ದೆವ್ವ ಓಡುತ್ತಿದ್ದ ಬೀದಿ ಅಲ್ಲಿಯದು. ಆ ಹಬ್ಬವೂ ಗೊತ್ತಿತ್ತು. ಮೊನ್ನೆ ಗುರುವಾರ ಮಾರಿಯಮ್ಮ ತಲೆಗೆ ಎಣ್ಣೆ ಹಾಕಿ ಬಾಚಿಸಿಕೊಂಡು ಅದಕ್ಕೇ ಚರ್ಚಿನ ಬಾಗಿಲಿಗೆ ಹೋಗಿದ್ದಳು.

ಮನೆಯ ದಾರಿಯುದ್ದಕ್ಕೂ ಪಾಪಕ್ಕ ತನಗೆ ತಾನೇ ಹೇಳಿಕೊಂಡಳು: ಅವರ ಕಬ್ಬಿನ ತೋಟ ಗುಡ್ಡದ ಮೇಲಲ್ಲವೆ? ಪಟ್ಟಣದಲ್ಲಿ ಏನು ಕೆಲಸ ಅವರಿಗೆ? ಸಂಜೆ ಎಮ್ಮೆಗೆ ಹಿಂಡಿ ಕಲಸುತ್ತ, ಏನೂ ಇಲ್ಲದವಳಂತೆ ಕೇಳಿದಳು, "ಮೊನ್ನೆ ಆಯ್ತಲ್ಲಮ್ಮಿ, ಸ್ವಾಮಿ ಮೇಲಕ್ಕೋದ ಹಬ್ಬ. ಅವತ್ತು ನಿಮ್ಮಮ್ಮ ಏನ್ ಮಾಡೋಳು?"

ಮಾರಿಯಮ್ಮನ ಮುಖ ಅರಳಿತು. "ಅವತ್ತು ಯಾರೂ ತೋಟದಲ್ಲಿರಾಕಿಲ್ಲ ದೊಡ್ಡಮ್ಮ! ಇನ್ನೂ ಕತ್ಲಿದ್ದಂಗೇ ಎಬ್ಬಿಸೋಳು. ಬಿಳೀ ಬಟ್ಟೆ ಆಕೋಳು. ಪೂಜೆಗೆ ಮುಂಚೆ ಜಾಗ ಇಡೀಬೇಕಲ್ಲ, ಅದ್ಕೆ ಹೊತ್ತು ಹುಟ್ಟೋವಾಗ್ಲೇ ಪಟ್ಣದಲ್ಲಿರ್ತಿದ್ವಿ. ದೊಡ್ಡ ಚರ್ಚಿನ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ತೆಂಗಿನಕಾಯಿ ಮಿಠಾಯಿ ಮಾರೋಳು. ಅಮ್ಮ ಒಂದು ವರ್ಷವೂ ತಪ್ಪಿಸಿಲ್ಲ. ನಾನು ಜ್ವರ ಬಂದಾಗ್ಲೂ ಹೊತ್ಕಂಡೋಗಿದ್ಲು."

ಪಾಪಕ್ಕ ಹಿಂಡಿಯ ಕೈಯನ್ನು ಹಾಗೇ ಹಿಡಿದುಕೊಂಡು ಕೂತಳು. ಇಷ್ಟು ವರ್ಷ ಕೇಳಿ ಕೇಳಿ ಕಣ್ಣಿಗೆ ಕಟ್ಟಿದ್ದ ಚಿತ್ರ. ಈಗ ಅದರ ಮೇಲೆ ಬೆಂಕಿ ಸುರಿಯುವುದನ್ನೂ ಅವಳು ನೋಡಬೇಕಾಯಿತು.

ಹೇಳಲಿಲ್ಲ. ಇವತ್ತು ಬೇಡ, ನಾಳೆ ಎಂದುಕೊಂಡಳು, ನಾಳೆಯೂ ಬೇಡವೆಂದಳು. ಎಷ್ಟೋ ಹೆಂಗಸರು ಕಾಯುವುದರಲ್ಲೇ ಬದುಕುತ್ತಾರೆ, ತಾನು ಬದುಕಲಿಲ್ಲವೆ? ಮಗುವೂ ಕಾಯಲಿ. ಹಾಗೆ ಮಾವಿನಹಣ್ಣು ಮುಗಿಯಿತು, ರಾಗಿ ಬಿತ್ತನೆಯಾಯಿತು. ಪೆರುಮಾಳನಿಗೆ ಬಾಯಿ ಬಿಡಬೇಡವೆಂದು ಕೈಮುಗಿದಿದ್ದಳು.

ಒಂದು ಮಧ್ಯಾಹ್ನ ಹಾಲು ಹಾಕಿ ಬಂದಾಗ ಮಾರಿಯಮ್ಮ ಜಗಲಿಯ ಮೇಲೆ ಹಳೆಯ ಕೆಂಪು ಸೀರೆಯ ತುಂಡಿನಲ್ಲಿ ಒಂದು ಪುಟ್ಟ ಅಂಗಿ ಹೊಲಿಯುತ್ತಿದ್ದಳು. ಪಕ್ಕದ ಮನೆಯ ಕೂಸನ್ನು ಕರೆದು ಮೈಗೆ ಹಿಡಿದು ಅಳತೆ ನೋಡುತ್ತಿದ್ದಳು.

"ದೊಡ್ಡಮ್ಮ, ಇದಕ್ಕೆ ಎಷ್ಟು ವರ್ಷ? ನಾಲ್ಕಾ? ಹಂಗಾದ್ರೆ ನನ್ನ ತಮ್ಮಂಗೂ ಇದೇ ಅಳತೆ. ಒಸಿ ದೊಡ್ಡದೇ ಇರ್ಲಿ, ಬರೋವೊತ್ಗೆ ಬೆಳ್ದಿರ್ತಾನೆ."

ಪಾಪಕ್ಕ ಗಡಿಗೆ ಇಳಿಸಿದಳು. ಕೂಸನ್ನು ಮನೆಗೆ ಕಳಿಸಿದಳು. ಮಾರಿಯಮ್ಮನ ಎದುರು ಕೂತು, ಸೂಜಿಯನ್ನು ಅವಳ ಕೈಯಿಂದ ಬಿಡಿಸಿಕೊಂಡಳು.

"ಒಲೀಬ್ಯಾಡ ಕಣಮ್ಮ. ಅವ್ರು ಬರಾಕಿಲ್ಲ."

ಪೆರುಮಾಳ್ ಹೇಳಿದ್ದನ್ನೆಲ್ಲ ಹೇಳಿದಳು. ಬೆಟ್ಟ, ಬೆಂಕಿ, ಹಬ್ಬದ ಬೆಳಗು. ಮಾರಿಯಮ್ಮ ಅಳಲಿಲ್ಲ. ಲೆಕ್ಕ ತಪ್ಪಿದವಳಂತೆ ಹುಬ್ಬು ಗಂಟಿಕ್ಕಿ ಕೇಳುತ್ತ ಹೋದಳು.

"ಚರ್ಚೂ ಓಯ್ತಾ?"

"ಓಯ್ತಂತೆ."

"ಮಿಠಾಯಿ ಅಜ್ಜಿ?"

"ಯಾರೂ ಉಳೀಲಿಲ್ಲಂತೆ ಕಣವ್ವ."

"ಡೋಲಿನೋರು? ಕೊಂಬಿನ ದೆವ್ವ ಆಗ್ತಿದ್ದೋನು, ಅವ್ನು ಬಂದ್ರಿನಲ್ಲಿ ಮೂಟೆ ಹೊರೋನು... ಅವ್ನು?"

"ಅವ್ನೂ."

ಮಾರಿಯಮ್ಮ ಅಂಗಿಯ ಅರ್ಧ ಹೊಲಿದ ತೋಳನ್ನು ಬೆರಳಿನಿಂದ ಸವರಿದಳು. "ಹಂಗಾದ್ರೆ ಬರೋ ವರ್ಷ ವಾವಲ್‌ನ ಯಾರು ಸುಡ್ತಾರೆ? ಅಳಾಕೆ ಯಾರವ್ರೆ?"

ಪಾಪಕ್ಕ ಅಂಗಿಯನ್ನು ಮಡಿಸಿ ಬದಿಗಿಟ್ಟಳು. ಹುಡುಗಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಆಗ ಅಳು ಬಂತು, ಇಬ್ಬರಿಗೂ. ಒಮ್ಮೆಯೂ ಕಾಣದ ಆ ಅಂಜಲೈಗಾಗಿ ಪಾಪಕ್ಕ ಗಂಡನಿಗಿಂತ ಹೆಚ್ಚು ಅತ್ತಳು. ಬಾಗಿಲು ತೆಗೆಯುತ್ತೇನೆಂದು ಮಾತು ಕೊಟ್ಟಿದ್ದಳು. ತೆಗೆಯಲು ಈಗ ಯಾರೂ ಇಲ್ಲ.

ಕರ್ಮ ಮಾಡಿಸಲು ಕೇಳಿದಾಗ ಪುರೋಹಿತರು ಕುಲಗೋತ್ರ ಕೇಳಿದರು. ಪಾಪಕ್ಕ ಎದ್ದು ಬಂದಳು. ಮಾರಿಯಮ್ಮನನ್ನು ಕೆರೆಗೆ ಕರೆದೊಯ್ದು ತಲೆಗೆ ಸ್ನಾನ ಮಾಡಿಸಿ, ತಾನೂ ಮುಳುಗಿ, ಎಲೆಯ ಮೇಲೆ ಅನ್ನವಿಟ್ಟು, "ತಂಗೀ, ಕೂಸೇ, ಉಣ್ಣಿ," ಎಂದಳು. ಬಹಳ ಹೊತ್ತು ಕಾದ ಮೇಲೆ ಒಂದು ಕಾಗೆ ಬಂತು.

ಮರುವರ್ಷ ಕಾಮನ ಹುಣ್ಣಿಮೆಗೆ ಹುಡುಗರು ಬಾಗಿಲಿಗೆ ಬಂದು, "ಮಾರಕ್ಕಾ, ನಿಮ್ಮ ಸೀಮೆ ಹಾಡು ಹೇಳು ಬಾ," ಎಂದು ಕರೆದರು. ಮಾರಿಯಮ್ಮ ಅವರು ಕದಿಯಬೇಕಾಗಿದ್ದ ಸೌದೆಯನ್ನು ತಾನೇ ಹೊರೆ ಕಟ್ಟಿ ಕೊಟ್ಟು ಬಾಗಿಲು ಹಾಕಿಕೊಂಡಳು. ಅರಳಿಕಟ್ಟೆಯ ಸುಳ್ಳು ಅಳು ಒಳಗೆ ಕೇಳುತ್ತಿತ್ತು. ಅವಳು ಕಿವಿ ಮುಚ್ಚಿಕೊಳ್ಳಲೂ ಇಲ್ಲ, ಸುಮ್ಮನೆ ರಾಗಿ ಕೇರುತ್ತ ಕೂತಿದ್ದಳು. ಅಲ್ಲಿಂದ ಮುಂದೆ ಹಬ್ಬಗಳ ಮಾತು ಅವಳ ಬಾಯಿಂದ ಬರಲಿಲ್ಲ. ಆ ಭಾಷೆಯೂ ಬರಲಿಲ್ಲ. ನಾಲ್ಕಾರು ವರ್ಷಗಳಲ್ಲಿ ಅವಳ ಕನ್ನಡ ಊರಿನ ಯಾವ ಹುಡುಗಿಯ ಕನ್ನಡಕ್ಕೂ ಬೇರೆಯಾಗಿರಲಿಲ್ಲ.

ಗಣಿಯೊಳಗೆ ಮರದ ತೊಲೆ ನಿಲ್ಲಿಸುವ ಕೆಲಸದ ಮುನಿಸ್ವಾಮಪ್ಪ ಎಂಬ ಒಳ್ಳೆಯ ಹುಡುಗ ಅವಳನ್ನು ಮದುವೆಯಾದ. ಕುಲ ಕೇಳದವನು. ಮಾರಿಕುಪ್ಪದ ಲೈನಿನಲ್ಲಿ ಸಂಸಾರ ಹೂಡಿದರು. ಮಕ್ಕಳಾದವು. ಎಮ್ಮೆ ಮಾರಿ ಪಾಪಕ್ಕನೂ ಅವರ ಜೊತೆಗೇ ಹೋದಳು. ಮಾರಿಯಮ್ಮ ಅವಳನ್ನು ಹೆತ್ತವಳಿಗಿಂತ ಚೆನ್ನಾಗಿ ನೋಡಿಕೊಂಡಳು. ಆದರೆ ಅಮ್ಮ ಎಂದು ಒಮ್ಮೆಯೂ ಕರೆಯಲಿಲ್ಲ, ದೊಡ್ಡಮ್ಮ ಎಂದೇ ಕರೆದಳು. ಪಾಪಕ್ಕನೂ ಬೇರೆ ಏನನ್ನೂ ಬಯಸಲಿಲ್ಲ. ಆ ಹೆಸರಿನ ಜಾಗ ಇನ್ನೊಬ್ಬಳದು.

ಸಂಜೆ ಹೊತ್ತು ಮಕ್ಕಳು ಕಥೆ ಕೇಳಿದರೆ ಪಾಪಕ್ಕನಿಗೆ ಬರುತ್ತಿದ್ದುದು ಒಂದೇ ಕಥೆ. ಸಮುದ್ರದಾಚೆ ಒಂದು ಸೀಮೆ, ಅಲ್ಲಿ ತೊಗರಿ ಬೆಳೆಯುತ್ತದೆ, ಮಸಾಣದಲ್ಲಿ ದೀಪ ಹಚ್ಚಿ ಬುತ್ತಿ ಉಣ್ಣುತ್ತಾರೆ, ಮೈತುಂಬ ಕನ್ನಡಿ ಹಚ್ಚಿಕೊಂಡ ದೆವ್ವ ಬೀದಿಯಲ್ಲಿ ಓಡುತ್ತದೆ. ಅವಳು ಮದರಾಸನ್ನೂ ಕಂಡವಳಲ್ಲ. ಆದರೂ ಆ ಬೀದಿಗಳಲ್ಲಿ ಹುಟ್ಟಿ ಬೆಳೆದವಳಂತೆ ಹೇಳುವಳು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುವವು. ಬೆಟ್ಟದ ಮಾತನ್ನು ಅವಳು ಎಂದೂ ಎತ್ತಲಿಲ್ಲ.

ಒಂದು ಸಂಜೆ ಮಕ್ಕಳು ಕೇಳಿದವು, "ಅಮ್ಮಾ, ನೀನು ಆ ಸೀಮೇಲಿ ಇದ್ದೆಯಂತೆ, ನಿಜಾನಾ?"

ಮಾರಿಯಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. "ನಂಗೇನೂ ಗೆಪ್ತಿ ಇಲ್ಲ ಕಣ್ಲಾ. ಚಿಕ್ಕೋಳಿದ್ದೆ."

ಮಕ್ಕಳು ಆಟಕ್ಕೆ ಓಡಿದ ಮೇಲೆ ಪಾಪಕ್ಕ ನಿಧಾನವಾಗಿ ಒಲೆಯ ಬಳಿಗೆ ಸರಿದು ಕೂತಳು. ಕಣ್ಣು ಮಂಜಾಗಿದ್ದವು, ಧ್ವನಿ ಸೊರಗಿತ್ತು.

"ನೀನು ಯೋಳಿದ್ದೆಲ್ಲಾ ನನ್ನ ತಾವ ಐತೆ ಕಣಮ್ಮ, ಒಂದೂ ಬಿಟ್ಟಿಲ್ಲ. ನಾನೋದ್ರೆ ಅದೂ ಓಯ್ತದೆ. ಬೇಕಂದ್ರೆ ಈಗ್ಲೇ ಕೇಳು."

ಮಾರಿಯಮ್ಮ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು. ಸಾರು ಬಡಿಸಿದಳು. ತಟ್ಟೆಯನ್ನು ಮುದುಕಿಯ ಮುಂದಿಟ್ಟು, ಅವಳ ಕೈಯನ್ನು ಹಿಡಿದು ತಟ್ಟೆಯ ಅಂಚು ಮುಟ್ಟಿಸಿದಳು.

"ಇರ್ಲಿ ಬಿಡು ದೊಡ್ಡಮ್ಮ," ಎಂದಳು. "ನಿನ್ನ ತಾವೇ ಇರ್ಲಿ. ಬಿಸಿ ಆರ್ತದೆ, ಉಣ್ಣು."